ಬೆಂಗಳೂರಲ್ಲಿ ಬೆಳಗಿನ ತಿಂಡಿ: ಇಡ್ಲಿಗೆ ಬೇಗ ಹೋಗಿ, ದೋಸೆಗೆ ಸ್ವಲ್ಪ ತಡ ಮಾಡಿ

ಕೊಡಗಿಗೆ ರೈಲು ಇಲ್ಲ. ಬೆಂಗಳೂರಿಗೆ ಹೋಗಬೇಕೆಂದರೆ ನಮಗೆ ಬಸ್ಸೇ ಗತಿ. ಬೆಳಗ್ಗೆಯೇ ಕೆಲಸ ಇದ್ದರೆ ರಾತ್ರಿ ಬಸ್ಸು ಹತ್ತಬೇಕು. ನಾವು ಸುಂಟಿಕೊಪ್ಪದಲ್ಲಿ ಹತ್ತುತ್ತೇವೆ. ಕುಶಾಲನಗರ, ಪಿರಿಯಾಪಟ್ಟಣ, ಹುಣಸೂರು, ಮೈಸೂರು ಎಲ್ಲ ಅರೆನಿದ್ದೆಯಲ್ಲೇ ದಾಟುತ್ತವೆ. ಮೈಸೂರು ರಸ್ತೆಯ ಸ್ಯಾಟಲೈಟ್ ಬಸ್ ನಿಲ್ದಾಣದಲ್ಲಿ ಇಳಿಯುವಾಗ ಇನ್ನೂ ಕತ್ತಲೆ. 2023ರಲ್ಲಿ ಹೊಸ ಹೆದ್ದಾರಿ ಉದ್ಘಾಟನೆ ಆದಮೇಲಂತೂ ಬಸ್ಸು ಇನ್ನೂ ಬೇಗ ಮುಟ್ಟುತ್ತದೆ. ಆಸ್ಪತ್ರೆ, ಆಫೀಸುಗಳ ಬಾಗಿಲು ತೆಗೆಯುವುದು ಒಂಬತ್ತಕ್ಕೋ ಹತ್ತಕ್ಕೋ. ಮಧ್ಯೆ ನಾಲ್ಕು ಗಂಟೆ ಹೊತ್ತು ಇರುತ್ತದೆ, ಹೊಟ್ಟೆ ಹಸಿದಿರುತ್ತದೆ.

ಆ ಹೊತ್ತಿನಲ್ಲಿ ಎಲ್ಲಿ ತಿನ್ನುವುದು ಅಂತ ನಮ್ಮ ಕಡೆಯವರು ನನ್ನನ್ನು ಕೇಳುತ್ತಲೇ ಇರುತ್ತಾರೆ. "ಅಕ್ಕ, ಮಿಂಟೋ ಕಣ್ಣಾಸ್ಪತ್ರೆ ಹತ್ರ ಏನು ಚೆನ್ನಾಗಿದೆ?" "ಅಕ್ಕ, ಮಗನ್ನ ಮಲ್ಲೇಶ್ವರಕ್ಕೆ ಕರ್ಕೊಂಡು ಹೋಗ್ಬೇಕು, ತಿಂಡಿ ಎಲ್ಲಿ?" ಅತ್ತೆಯ ಕಣ್ಣಿಗೆ, ಮಗಳ ಸಿಇಟಿಗೆ, ನೆಂಟರ ಮದುವೆಗೆ, ಕಾಫಿ ಮಂಡಳಿಗೆ ಅಂತ ಓಡಾಡಿ ನನಗೆ ಒಂದಿಷ್ಟು ಜಾಗ ಚೆನ್ನಾಗಿ ಗೊತ್ತಾಗಿದೆ. ಫೋನಿನಲ್ಲಿ ಒಬ್ಬೊಬ್ಬರಿಗೇ ಹೇಳುವ ಬದಲು ಇಲ್ಲಿ ಬರೆದಿಡುತ್ತೇನೆ.

ನನ್ನ ಮಟ್ಟಿಗೆ ಹೋಟೆಲಿನ ಹೆಸರಿಗಿಂತ ನೀವು ಹೋಗುವ ಹೊತ್ತು ಮುಖ್ಯ. ಅದೇ ಹೋಟೆಲು, ಅದೇ ಭಟ್ಟರು, ಅದೇ ಹಿಟ್ಟು. ಆದರೂ ಆರೂವರೆಗೆ ತಿಂದರೆ ಒಂದು ಥರ, ಒಂಬತ್ತೂವರೆಗೆ ತಿಂದರೆ ಇನ್ನೊಂದು ಥರ. ಇಡ್ಲಿಯನ್ನು ಬಾಗಿಲು ತೆಗೆದ ಕೂಡಲೇ ತಿನ್ನಬೇಕು. ಹಿಂದಿನ ದಿನ ರುಬ್ಬಿದ ಹಿಟ್ಟು ರಾತ್ರಿಯೆಲ್ಲ ಉಬ್ಬಿ ಬೆಳಗಿನ ಜಾವಕ್ಕೆ ಹದಕ್ಕೆ ಬಂದಿರುತ್ತದೆ. ಬಿಸಿಲೇರಿದ ಹಾಗೆ ಹುಳಿಯೂ ಏರುತ್ತದೆ. ಚಟ್ನಿಯೂ ಹಾಗೆಯೇ, ಆಗ ತಾನೇ ರುಬ್ಬಿದ್ದಕ್ಕೆ ಕಾಯಿಯ ಸಿಹಿ ಇರುತ್ತದೆ.

ದೋಸೆ ಹಾಗಲ್ಲ. ದೋಸೆಗೆ ಕಾವಲಿ ಪಳಗಬೇಕು. ಆ ದಪ್ಪ ಕಬ್ಬಿಣದ ಕಾವಲಿ ರಾತ್ರಿಯೆಲ್ಲ ತಣ್ಣಗೆ ಬಿದ್ದಿರುತ್ತದೆ. ಬೆಂಕಿ ಹಚ್ಚಿದ ತಕ್ಷಣ ಎಲ್ಲ ಕಡೆ ಒಂದೇ ಸಮ ಕಾಯುವುದಿಲ್ಲ. ನಡುವೆ ಕೆಂಪಾದರೆ ಅಂಚು ಬೆಳ್ಳಗೇ ಉಳಿಯುತ್ತದೆ. ಭಟ್ಟರು ನೀರು ಚಿಮುಕಿಸಿ, ಕಡ್ಡಿ ಪೊರಕೆಯಲ್ಲಿ ಗುಡಿಸಿ, ಎಣ್ಣೆ ಸವರಿ, ಕೆಲವು ಸುತ್ತು ಹುಯ್ದ ಮೇಲೆ ಕಾವಲಿ ಅವರ ಮಾತು ಕೇಳಲು ಶುರು ಮಾಡುತ್ತದೆ. ಆಮೇಲಿನ ದೋಸೆಯ ಬಣ್ಣವೇ ಬೇರೆ. ಹಾಗಾಗಿ ನಾನು ಇಡ್ಲಿಗೆ ಆರೂವರೆ, ದೋಸೆಗೆ ಏಳೂವರೆ ಎಂಟು ಅಂತ ಇಟ್ಟುಕೊಂಡಿದ್ದೇನೆ. ಎಂಟೂವರೆ ದಾಟಿದರೆ ಹೆಸರಾದ ಹೋಟೆಲುಗಳಲ್ಲಿ ಸಾಲು ಶುರುವಾಗುತ್ತದೆ. ಭಾನುವಾರವಂತೂ ಕೇಳುವುದೇ ಬೇಡ.

ಸ್ಯಾಟಲೈಟ್‌ನಲ್ಲಿ ಇಳಿದ ತಕ್ಷಣ ಆಟೋ ಹತ್ತಬೇಡಿ. ಬಸ್ ನಿಲ್ದಾಣದಲ್ಲೇ ಮುಖ ತೊಳೆದು, ಹಲ್ಲುಜ್ಜಿ, ಬಟ್ಟೆ ಸರಿಮಾಡಿಕೊಳ್ಳಿ. ಸ್ವಲ್ಪ ನಡೆದರೆ ದೀಪಾಂಜಲಿನಗರ ಮೆಟ್ರೋ ನಿಲ್ದಾಣ ಸಿಗುತ್ತದೆ. ನೇರಳೆ ಮಾರ್ಗದಲ್ಲಿ ಮೆಜೆಸ್ಟಿಕ್‌ವರೆಗೆ ಬಂದು, ಅಲ್ಲಿ ಹಸಿರು ಮಾರ್ಗಕ್ಕೆ ಬದಲಾಯಿಸಿದರೆ ಚಿಕ್ಕಪೇಟೆ, ಕೆ.ಆರ್. ಮಾರುಕಟ್ಟೆ, ನ್ಯಾಷನಲ್ ಕಾಲೇಜು, ಲಾಲ್‌ಬಾಗ್ ಸಾಲಾಗಿ ಬರುತ್ತವೆ. ಬೆಂಗಳೂರಿನ ಹಳೇ ತಿಂಡಿ ಹೋಟೆಲುಗಳಲ್ಲಿ ಅರ್ಧಕ್ಕರ್ಧ ಈ ಮಾರ್ಗದ ಅಕ್ಕಪಕ್ಕದಲ್ಲೇ ಇವೆ. ಭಾನುವಾರ ಮೆಟ್ರೋ ತಡವಾಗಿ ಶುರುವಾಗುತ್ತದೆ, ಅದನ್ನು ಲೆಕ್ಕದಲ್ಲಿಟ್ಟುಕೊಳ್ಳಿ. ಹೋಟೆಲು ತೆಗೆಯಲು ಇನ್ನೂ ಹೊತ್ತಿದ್ದರೆ ಕೆ.ಆರ್. ಮಾರುಕಟ್ಟೆಯಲ್ಲಿ ಇಳಿದು ಹೂವಿನ ಕಡೆ ಒಂದು ಸುತ್ತು ಬನ್ನಿ. ಆ ಹೊತ್ತಿಗೆ ಅಲ್ಲಿ ವ್ಯಾಪಾರ ಜೋರಾಗಿರುತ್ತದೆ. ನನಗೆ ಅದಕ್ಕಿಂತ ಲಾಲ್‌ಬಾಗ್ ಇಷ್ಟ. ಆರು ಗಂಟೆಗೆ ಬಾಗಿಲು ತೆಗೆಯುತ್ತಾರೆ. ಬಸ್ಸಿನಲ್ಲಿ ಕೂತು ಮರಗಟ್ಟಿದ ಕಾಲು ಅಲ್ಲಿ ಅರ್ಧ ಗಂಟೆ ನಡೆದರೆ ಸಡಿಲ ಆಗುತ್ತದೆ, ಹಸಿವೂ ಚೆನ್ನಾಗಿ ಆಗುತ್ತದೆ.

ಇಡ್ಲಿ ಅಂದರೆ ನನಗೆ ಮೊದಲು ನೆನಪಾಗುವುದು ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್. 1965ರಿಂದ ಇದೆ. ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ. ಹೆಚ್ಚುಕಮ್ಮಿ ಅಷ್ಟಕ್ಕೇ ಪಟ್ಟಿ ಮುಗಿಯಿತು. ದೋಸೆ ಇಲ್ಲ, ಸಾಂಬಾರ್ ಇಲ್ಲ. ಇಷ್ಟು ಕಡಿಮೆ ಮಾಡುವುದರಿಂದಲೇ ಮಾಡಿದ್ದು ಅಷ್ಟು ಚೆನ್ನಾಗಿರುತ್ತದೆ ಅಂತ ನನ್ನ ನಂಬಿಕೆ. ಒಂದು ಹೋಟೆಲಿನಲ್ಲಿ ಇಡ್ಲಿಯಿಂದ ನೂಡಲ್ಸ್‌ವರೆಗೆ ಎಲ್ಲ ಬೋರ್ಡಿನ ಮೇಲಿದ್ದರೆ ಬೆಳಗ್ಗೆ ಹೊತ್ತು ನಾನು ಒಳಗೆ ಹೋಗುವುದಿಲ್ಲ.

ಅಲ್ಲಿ ತಟ್ಟೆಗೆ ಎರಡು ಇಡ್ಲಿ, ಒಂದು ವಡೆ ಇಟ್ಟು ಮೇಲಿಂದ ಚಟ್ನಿ ಸುರಿಯುತ್ತಾರೆ. ಪಕ್ಕಕ್ಕೆ ಒಂದು ಚಮಚ ಹಾಕುವುದಲ್ಲ. ಇಡ್ಲಿ ಅರ್ಧ ಮುಳುಗಬೇಕು, ಅಷ್ಟು. ನೀರಾದ ಚಟ್ನಿ. ಚಮಚದಲ್ಲಿ ಇಡ್ಲಿ ಒತ್ತಿದರೆ ಚಟ್ನಿ ಒಳಗೆ ಇಳಿಯುತ್ತದೆ, ಬಿಟ್ಟರೆ ಇಡ್ಲಿ ಮತ್ತೆ ಮೇಲೇಳುತ್ತದೆ. ವಡೆಯ ಮೇಲುಭಾಗ ಗರಿಗರಿ ಇರುವಾಗಲೇ ಕೆಳಭಾಗ ಚಟ್ನಿ ಹೀರಿ ಮೆತ್ತಗಾಗಿರುತ್ತದೆ. ಎರಡೂ ಒಂದೇ ತುತ್ತಿನಲ್ಲಿ ಬಾಯಿಗೆ ಬರುವ ಹಾಗೆ ಮುರಿಯಬೇಕು. ಚಟ್ನಿ ಮುಗಿದರೆ ತಟ್ಟೆ ಹಿಡಿದುಕೊಂಡು ಹೋಗಿ, ಮತ್ತೆ ಸುರಿಯುತ್ತಾರೆ. ಸಂಕೋಚ ಬೇಡ, ಎಲ್ಲರೂ ಹಾಕಿಸಿಕೊಳ್ಳುತ್ತಾರೆ.

ಅತ್ತೆಯನ್ನು ಕರೆದುಕೊಂಡು ಹೋಗಿದ್ದಾಗ ಅವರು ಮೊದಲು ಕೇಳಿದ್ದು, "ಸಾಂಬಾರ್ ಇಲ್ವಾ ಇಲ್ಲಿ?"

"ಇಲ್ಲ ಅತ್ತೆ. ಚಟ್ನಿ ತಿಂದು ನೋಡಿ."

ಎರಡನೇ ಸಲ ಹಾಕಿಸಿಕೊಂಡ ಮೇಲೆ, "ಹುರಿಗಡಲೆ ಕಮ್ಮಿ, ಕಾಯಿ ಜಾಸ್ತಿ. ಮನೇಲೂ ಒಂದ್ಸಲ ಹೀಗೆ ಮಾಡಿ ನೋಡು" ಅಂದರು. ಅಕ್ಕಿ ರೊಟ್ಟಿ, ನೂಪುಟ್ಟು (ಒತ್ತು ಶಾವಿಗೆ), ಪಾಪುಟ್ಟು (ಅಕ್ಕಿ ತರಿಯನ್ನು ಹಬೆಯಲ್ಲಿ ಬೇಯಿಸಿದ್ದು) ಮಾಡುವುದರಲ್ಲಿ ನಮ್ಮ ಮನೆಯಲ್ಲಿ ಅವರನ್ನು ಮೀರಿಸುವವರಿಲ್ಲ. ಅವರು ಇನ್ನೊಬ್ಬರ ಅಡುಗೆಯನ್ನು ಹೀಗೆ ಗಮನವಿಟ್ಟು ತಿಂದದ್ದು ನೋಡಿ ನನಗೆ ತುಂಬಾ ಖುಷಿಯಾಯಿತು.

ಒಂದೇ ತೊಂದರೆ ಎಂದರೆ ಅಲ್ಲಿ ನಿಂತೇ ತಿನ್ನಬೇಕು. ಬೆಂಗಳೂರಿನಲ್ಲಿ ಇದು ಮಾಮೂಲು. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಶುರುವಾಗಿ, ನಿಂತು ತಿನ್ನುವ ದರ್ಶಿನಿಗಳು ಊರೆಲ್ಲ ಹಬ್ಬಿದವು. ದುಡ್ಡು ಕೊಟ್ಟು ಟೋಕನ್ ತಗೊಳ್ಳಬೇಕು, ಕೌಂಟರಿನಲ್ಲಿ ಕೊಡಬೇಕು, ತಟ್ಟೆ ನಾವೇ ತರಬೇಕು. ಕೆಲಸಕ್ಕೆ ಓಡುವವರಿಗೆ ಇದಕ್ಕಿಂತ ಅನುಕೂಲ ಇಲ್ಲ. ಬೆಲೆಯೂ ಕೈಗೆಟಕುತ್ತದೆ. ಆದರೆ ಮಂಡಿನೋವಿನವರು, ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಬಂದ ಹಿರಿಯರು, ಕೈಗೂಸು ಇರುವವರು ಏನು ಮಾಡಬೇಕು? ಜೊತೆಗೆ ವಯಸ್ಸಾದವರು ಇದ್ದರೆ ರುಚಿಗಿಂತ ಮೊದಲು ಕುರ್ಚಿ ನೋಡಿ. ಕೆಲವು ದರ್ಶಿನಿಗಳಲ್ಲಿ ಮೂಲೆಯಲ್ಲಿ ನಾಲ್ಕು ಕುರ್ಚಿ ಇಟ್ಟಿರುತ್ತಾರೆ. ಕೇಳಿದರೆ ಜಾಗ ಮಾಡಿಕೊಡುತ್ತಾರೆ. ಇಲ್ಲದಿದ್ದರೆ ಕೂತು ತಿನ್ನುವ ಹೋಟೆಲಿಗೇ ಹೋಗಿ, ಹತ್ತು ಇಪ್ಪತ್ತು ರೂಪಾಯಿ ಜಾಸ್ತಿಯಾದರೂ ಪರವಾಗಿಲ್ಲ.

ಆಸ್ಪತ್ರೆಗೆ ಹೋಗುವವರಿಗೆ ಇನ್ನೊಂದು ವಿಷಯ. ಸಕ್ಕರೆ ಕಾಯಿಲೆ ಇದ್ದು ರಕ್ತ ಪರೀಕ್ಷೆ ಬರೆದುಕೊಟ್ಟಿದ್ದರೆ, ಖಾಲಿ ಹೊಟ್ಟೆಯಲ್ಲಿ ಒಂದು ಸಲ ರಕ್ತ ಕೊಟ್ಟು, ತಿಂಡಿ ತಿಂದು, ಎರಡು ಗಂಟೆ ಬಿಟ್ಟು ಇನ್ನೊಂದು ಸಲ ಕೊಡಬೇಕು. ಆ ಎರಡು ಗಂಟೆಯನ್ನು ತಿನ್ನಲು ಶುರು ಮಾಡಿದ ಹೊತ್ತಿನಿಂದ ಲೆಕ್ಕ ಹಾಕುತ್ತಾರೆ. ಅಂಥ ದಿನ ಒಳ್ಳೆಯ ದೋಸೆ ಅಂತ ಊರಾಚೆ ಹೋಗಬೇಡಿ. ವಾಪಸ್ ಬರುವಾಗ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ಪರೀಕ್ಷೆ ಕೆಡುತ್ತದೆ. ಲ್ಯಾಬಿನಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ತಿನ್ನಿ, ತಿನ್ನಲು ಶುರು ಮಾಡಿದ ಗಂಟೆಯನ್ನು ಚೀಟಿಯ ಹಿಂದೆ ಬರೆದುಕೊಳ್ಳಿ. ದಿನಾ ಮನೆಯಲ್ಲಿ ತಿನ್ನುವಷ್ಟೇ ತಿನ್ನಿ. ಅತ್ತೆಗೆ ಅಂಥ ದಿನ ನಾನು ಎರಡು ಇಡ್ಲಿ ಮಾತ್ರ ಕೊಡಿಸುತ್ತೇನೆ, ಕೇಸರಿಬಾತ್ ಕಡೆ ತಿರುಗಿಯೂ ನೋಡುವುದಿಲ್ಲ. ಕಣ್ಣಿನ ಪರೀಕ್ಷೆಯಾದರೆ ತಿಂಡಿ ಮೊದಲೇ ಮುಗಿಸಿಕೊಂಡು ಹೋಗಿ. ಪಾಪೆ ಹಿಗ್ಗಿಸುವ ಹನಿ ಹಾಕಿದ ಮೇಲೆ ಎಷ್ಟೋ ಹೊತ್ತು ಎಲ್ಲ ಮಂಜು ಮಂಜು, ಬೆಳಕು ಕಂಡರೆ ಕಣ್ಣು ಚುಚ್ಚುತ್ತದೆ. ಆಗ ಅವರನ್ನು ರಸ್ತೆ ದಾಟಿಸಿ ಹೋಟೆಲಿಗೆ ಕರೆದೊಯ್ಯುವುದು ಕಷ್ಟ.

ಕೂತು, ನಿಧಾನವಾಗಿ, ಬಡಿಸಿಕೊಂಡು ತಿನ್ನಬೇಕೆಂದರೆ ಲಾಲ್‌ಬಾಗ್ ರಸ್ತೆಯ ಎಂಟಿಆರ್. ಹೊಸದಾಗಿ ಬೇರೆ ಕಡೆ ತೆಗೆದ ಶಾಖೆಗಳ ವಿಷಯ ಅಲ್ಲ, ಮಾವಳ್ಳಿಯ ಹಳೇ ಕಟ್ಟಡದ ವಿಷಯ ಹೇಳುತ್ತಿದ್ದೇನೆ. ಕರಾವಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಶುರು ಮಾಡಿದ್ದು. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪಿಗೆ ಹೋಗಿ ಅಲ್ಲಿನ ಹೋಟೆಲುಗಳನ್ನು ನೋಡಿ ಬಂದು, ಪಾತ್ರೆ ಲೋಟಗಳನ್ನು ಹಬೆಯಲ್ಲಿ ತೊಳೆಯುವ ಕ್ರಮ ತಂದರು. ಹೋಟೆಲಿನ ಶುಚಿತ್ವ ಅಂದರೆ ಏನು ಅಂತ ಊರಿಗೇ ತೋರಿಸಿಕೊಟ್ಟವರು ಅವರು.

ಅಲ್ಲಿ ರವೆ ಇಡ್ಲಿ ತಿನ್ನಿ. ಅದು ಹುಟ್ಟಿದ್ದೇ ಆ ಅಡುಗೆಮನೆಯಲ್ಲಿ ಅಂತ ಎಂಟಿಆರ್‌ನವರು ಹೇಳುತ್ತಾರೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನಿನವರು ಬರ್ಮಾ ಹಿಡಿದ ಮೇಲೆ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತುಹೋಯಿತು. ಅಕ್ಕಿ ಸಿಗದಿದ್ದರೆ ಇಡ್ಲಿ ಹೇಗೆ? ರವೆಯಲ್ಲಿ ಮಾಡಿ ನೋಡಿದರು. ಬೆಳಗ್ಗೆ, ಮಧ್ಯಾಹ್ನ, ರಾತ್ರಿ ಅಕ್ಕಿಯನ್ನೇ ನೆಚ್ಚಿಕೊಂಡ ನಮ್ಮಂಥವರಿಗೆ ಆ ಕಾಲದ ಕಷ್ಟ ಎಂಥದ್ದು ಅಂತ ಬೇಗ ಅರ್ಥವಾಗುತ್ತದೆ. ಇಡ್ಲಿಯ ಮೇಲೆ ಗೋಡಂಬಿ, ಒಳಗೆ ಸಾಸಿವೆ ಒಗ್ಗರಣೆ, ಪಕ್ಕದಲ್ಲಿ ಆಲೂಗಡ್ಡೆ ಸಾಗು, ಪುಟ್ಟ ಬಟ್ಟಲಿನಲ್ಲಿ ತುಪ್ಪ. ತುಪ್ಪವನ್ನು ಒಮ್ಮೆಗೇ ಹುಯ್ಯಬೇಡಿ. ಮುರಿದ ತುಂಡಿಗೆ ಸ್ವಲ್ಪ ಸ್ವಲ್ಪವೇ ಹಾಕಿಕೊಂಡು ತಿನ್ನಿ. ರವೆ ತುಪ್ಪ ಕುಡಿಯಲು ಒಂದು ಕ್ಷಣ ಬೇಕು, ಆ ಕ್ಷಣ ಕಾದರೆ ರುಚಿ ಎರಡರಷ್ಟು. ಮೇಜು ಹಂಚಿಕೊಂಡು ಕೂರಬೇಕಾಗುತ್ತದೆ. ನನಗೆ ಅದೇ ಇಷ್ಟ. ಎದುರು ಕೂತವರು "ಎಲ್ಲಿಂದ ಬಂದ್ರಿ?" ಅಂತ ಕೇಳುತ್ತಾರೆ, ಕೊಡಗು ಅಂದರೆ "ಮಳೆ ಹೇಗಿದೆ?" ಅನ್ನುತ್ತಾರೆ. ಸೋಮವಾರ ರಜೆ, ನೆನಪಿಡಿ.

ದೋಸೆಗೆ ನನ್ನ ಆಯ್ಕೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ. 1943ರದ್ದು. ಶುಕ್ರವಾರ ರಜೆ. ಗೋಡೆಯ ಮೇಲೆ ಕನ್ನಡದ ಸಾಹಿತಿಗಳ ಚಿತ್ರಗಳಿವೆ. ಸಾಲಿನಲ್ಲಿ ಕಾದು ಒಳಗೆ ಬಂದ ಮೇಲೆ ಅವನ್ನು ನೋಡುತ್ತಾ ಕೂರಬಹುದು. ಆಮೇಲೆ ಪಂಚೆ ಉಟ್ಟ ಮಾಣಿ ಒಂದೇ ಕೈಯ ಮೇಲೆ ಹತ್ತಕ್ಕೂ ಜಾಸ್ತಿ ದೋಸೆ ತಟ್ಟೆ ಒಂದರ ಮೇಲೊಂದು ಪೇರಿಸಿಕೊಂಡು ಬರುತ್ತಾರೆ. ಇನ್ನೊಂದು ಕೈಯಲ್ಲಿ ಒಂದೊಂದೇ ತಟ್ಟೆ ಇಳಿಸುತ್ತಾ ಹೋಗುತ್ತಾರೆ. ಯಾರಿಗೂ ತಾಗುವುದಿಲ್ಲ. ಎಷ್ಟು ವರ್ಷದ ಪಳಗುವಿಕೆ ಬೇಕು ಇದಕ್ಕೆ!

ದೋಸೆ ದೊಡ್ಡದೇನಲ್ಲ, ದಪ್ಪ. ಹೊರಗೆ ಕಡುಗೆಂಪು, ಮುರಿದರೆ ಒಳಗೆ ಮೆತ್ತಗೆ. ಚಟ್ನಿಯನ್ನು ತಟ್ಟೆಗೇ ಸುರಿಯುತ್ತಾರೆ. ದೋಸೆಗೆ ಸಾಂಬಾರ್ ಕೊಡುವ ಪದ್ಧತಿ ಇಲ್ಲ. ಕೆಲವರಿಗೆ ತುಪ್ಪ ಜಾಸ್ತಿ ಅನಿಸುತ್ತದೆ. ನನಗೆ ಒಂದು ತಿಂದರೆ ಮಧ್ಯಾಹ್ನದವರೆಗೆ ಹಸಿವಿಲ್ಲ. ವಾರದ ದಿನ, ಏಳೂವರೆ ಹೊತ್ತಿಗೆ ಹೋಗಿ. ಕಾವಲಿಯೂ ಕಾದಿರುತ್ತದೆ, ಕುರ್ಚಿಯೂ ಸಿಗುತ್ತದೆ. ಕಾರ್ತಿಕದ ಕೊನೆಯ ಸೋಮವಾರ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ. ಆ ದಿನಗಳಲ್ಲಿ ಆ ಕಡೆ ಕಾಲಿಡಲು ಜಾಗ ಇರುವುದಿಲ್ಲ. ಪರಿಷೆಗೆಂದೇ ಬಂದವರ ಮಾತು ಬೇರೆ.

ಮಕ್ಕಳ ಸಿಇಟಿ ಕೆಲಸಕ್ಕೆ ಹೋಗುವವರಿಗೆ ಮಲ್ಲೇಶ್ವರ ಗೊತ್ತಿರಲೇಬೇಕು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಕಚೇರಿ ಇರುವುದು ಸಂಪಿಗೆ ರಸ್ತೆಯ 18ನೇ ಕ್ರಾಸಿನ ಹತ್ತಿರ. ದಾಖಲೆಯ ಒಂದು ವಿಷಯಕ್ಕೆ ನಾನೂ ಮಗಳೂ ಅಲ್ಲಿಗೆ ಹೋಗಬೇಕಾಗಿತ್ತು. ಮಗಳು ರಾತ್ರಿಯಿಂದ ಏನೂ ತಿಂದಿರಲಿಲ್ಲ. "ಅಮ್ಮಾ, ಕೆಲ್ಸ ಆಗೋವರ್ಗೂ ಗಂಟಲಲ್ಲಿ ಇಳಿಯಲ್ಲ" ಅಂತ ಒಂದೇ ಹಟ. 15ನೇ ಕ್ರಾಸಿನಲ್ಲಿ, ಮಾರ್ಗೋಸಾ ರಸ್ತೆಯ ಕಡೆ, ವೀಣಾ ಸ್ಟೋರ್ಸ್ ಇದೆ. 1977ರಿಂದ ನಡೆಯುತ್ತಿರುವ ಪುಟ್ಟ ಅಂಗಡಿ. ಅಲ್ಲಿಯೂ ನಿಂತೇ ತಿನ್ನಬೇಕು. ಅಲ್ಲಿನ ಇಡ್ಲಿ ಎಷ್ಟು ಮೆತ್ತಗೆ ಎಂದರೆ ಅಗಿಯುವ ಕೆಲಸವೇ ಇಲ್ಲ. ಒಂದು ತುಂಡು ಬಾಯಿಗಿಟ್ಟಳು, ಇನ್ನೊಂದು, ಆಮೇಲೆ ಅವಳೇ ಹೋಗಿ ಮತ್ತೊಂದು ಪ್ಲೇಟ್ ತಂದಳು. ಪರೀಕ್ಷೆ, ಸಂದರ್ಶನ ಅಂತ ಹೆದರಿದ ಮಕ್ಕಳಿಗೆ ಎಣ್ಣೆ ಪದಾರ್ಥ ಬೇಡ, ಖಾರ ಬೇಡ. ಬಿಸಿ ಇಡ್ಲಿ ಸಾಕು.

ಅಲ್ಲೇ 7ನೇ ಕ್ರಾಸಿನ ಸಿಟಿಆರ್‌ನಲ್ಲಿ ಬೆಣ್ಣೆ ಮಸಾಲೆ ಸಿಗುತ್ತದೆ. ಚೆನ್ನಾಗಿರುತ್ತದೆ. ಆದರೆ ಕಾಯುವ ತಾಳ್ಮೆ ಬೇಕು. ಕಚೇರಿ ಕೆಲಸ ಮುಗಿದ ಮೇಲೆ ಹೋಗಿ, ಮೊದಲು ಬೇಡ.

ಈಗ ಕಾಫಿ ವಿಷಯ. ನಮ್ಮದು ಸಣ್ಣ ತೋಟ. ರೊಬಸ್ಟಾ ಜಾಸ್ತಿ, ಅರೇಬಿಕಾ ಸ್ವಲ್ಪ. ಕೊಯ್ದು, ಕಣದಲ್ಲಿ ಒಣಗಿಸಿ, ಮೂಟೆ ಕಟ್ಟಿ ಕಳಿಸುವವರೆಗೆ ನಮ್ಮ ಕೈ. ಆಮೇಲೆ ಅದು ಎಲ್ಲಿ ಹೋಗುತ್ತದೆ, ಯಾರ ಲೋಟಕ್ಕೆ ಸೇರುತ್ತದೆ ಅಂತ ನಮಗೆ ತಿಳಿಯುವುದಿಲ್ಲ. ದೇಶದ ಕಾಫಿಯಲ್ಲಿ ನೂರಕ್ಕೆ ಸುಮಾರು 70 ಪಾಲು ಕರ್ನಾಟಕದ್ದು. ಅದರಲ್ಲಿ ದೊಡ್ಡ ಪಾಲು ಕೊಡಗಿನದು. ಹಾಗಾಗಿ ಬೆಂಗಳೂರಿನ ಹೋಟೆಲಿನಲ್ಲಿ ಕಾಫಿ ಲೋಟ ಕೈಗೆ ಬಂದಾಗ ನಾನು ಮೊದಲು ಮೂಸಿ ನೋಡುತ್ತೇನೆ. ಕಾಫಿ ಮಂಡಳಿಯವರು ಬೆಂಗಳೂರಿನಲ್ಲಿ ನಡೆಸುವ ಕಾಪಿ ಶಾಸ್ತ್ರ ತರಬೇತಿಗೆ ಹೋಗಿ ಬಂದ ಮೇಲೆ ಈ ಅಭ್ಯಾಸ ಇನ್ನೂ ಗಟ್ಟಿಯಾಗಿದೆ. ಹುರಿಯುವುದು, ಪುಡಿ ಮಾಡುವುದು, ಬೆರೆಸುವುದು, ಸವಿದು ನೋಡುವುದು ಎಲ್ಲ ಅಲ್ಲಿ ಕಲಿಸುತ್ತಾರೆ. ಕಾಫಿ ಬೆಳೆಯುವ ಪ್ರತಿ ಮನೆಯಿಂದಲೂ ಒಬ್ಬರಾದರೂ ಅಲ್ಲಿಗೆ ಹೋಗಬೇಕು ಅಂತ ನನ್ನ ಆಸೆ.

ಹೋಟೆಲ್ ಕಾಫಿಯಲ್ಲಿ ಸಾಮಾನ್ಯವಾಗಿ ಚಿಕೋರಿ ಇರುತ್ತದೆ. ಚಿಕೋರಿ ಒಂದು ಗಿಡದ ಬೇರು. ಗುಜರಾತ್, ಉತ್ತರ ಪ್ರದೇಶದ ಕಡೆ ಬೆಳೆಯುತ್ತಾರೆ. ಡಿಕಾಕ್ಷನ್‌ಗೆ ಬಣ್ಣ ಬರುತ್ತದೆ, ಮಂದ ಬರುತ್ತದೆ, ಹಾಲು ಹಾಕಿದರೂ ತೆಳ್ಳಗಾಗುವುದಿಲ್ಲ. ಕಾಯಿದೆ ಪ್ರಕಾರ ಪುಡಿಯಲ್ಲಿ ಚಿಕೋರಿ ನೂರಕ್ಕೆ 49 ಪಾಲು ಮೀರಬಾರದು, ಎಷ್ಟಿದೆ ಅಂತ ಪೊಟ್ಟಣದ ಮೇಲೆ ಬರೆಯಲೇಬೇಕು. ಸ್ವಲ್ಪ ಇದ್ದರೆ ನನ್ನ ತಕರಾರಿಲ್ಲ. ಜಾಸ್ತಿಯಾದರೆ ಕುಡಿದ ಮೇಲೆ ನಾಲಿಗೆಯ ಹಿಂದೆ ಒಂದು ಸುಟ್ಟ ಬೆಲ್ಲದಂಥ ಕಹಿ ಉಳಿಯುತ್ತದೆ, ಕಾಫಿಯ ಘಮ ಬರುವುದೇ ಇಲ್ಲ. ಡಿಕಾಕ್ಷನ್ ಹಳತಾಗಿದ್ದರೂ ತಿಳಿಯುತ್ತದೆ, ಹುಳಿಯ ವಾಸನೆ ಬರುತ್ತದೆ. ಜನ ಜಾಸ್ತಿ ಇರುವ ಹೋಟೆಲಿನಲ್ಲಿ ಕಾಫಿ ಚೆನ್ನಾಗಿರುವುದಕ್ಕೆ ಮುಖ್ಯ ಕಾರಣ ಅಲ್ಲಿ ಡಿಕಾಕ್ಷನ್ ನಿಲ್ಲುವುದಿಲ್ಲ, ಇಳಿದ ಹಾಗೆ ಖರ್ಚಾಗುತ್ತದೆ. ಸ್ಟ್ರಾಂಗ್ ಬೇಕಾದರೆ ಕೇಳಿ, ಸಕ್ಕರೆ ಬೇರೆ ಬೇಕಾದರೆ ಮೊದಲೇ ಹೇಳಿ. ತುಂಬ ಕಡೆ ಬೈಟು, ಅಂದರೆ ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿ, ಕೊಡುತ್ತಾರೆ. ಎರಡು ಹೋಟೆಲಿನ ಕಾಫಿ ನೋಡಬೇಕೆಂದರೆ ಇದೇ ಒಳ್ಳೆಯದು.

ಕೊಡಗಿನ ಅರೇಬಿಕಾಕ್ಕೆ 2019ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿದೆ. ಬೆಂಗಳೂರಿನ ಹೋಟೆಲಿನವರು ಬೆಲೆಪಟ್ಟಿಯ ಪಕ್ಕದಲ್ಲಿ ಬೀಜ ಯಾವ ಊರಿನದು ಅಂತ ಒಂದು ಸಾಲು ಬರೆದರೆ ಬೆಳೆದವರಿಗೆ ಎಷ್ಟು ಸಂತೋಷ ಆಗುತ್ತದೆ ಗೊತ್ತಾ? ದುಡ್ಡಿನ ಮಾತಲ್ಲ. ಡಿಸೆಂಬರ್ ಚಳಿಯಲ್ಲಿ, ಜನವರಿ ಬಿಸಿಲಲ್ಲಿ ಬುಟ್ಟಿ ಕಟ್ಟಿಕೊಂಡು ಕೊಯ್ದವರ ಊರಿನ ಹೆಸರು ಅಲ್ಲಿರಬೇಕು.

ಕಾಫಿ ಮಂಡಳಿ ಇರುವುದು ವಿಧಾನಸೌಧದ ಹತ್ತಿರ, ಡಾ. ಅಂಬೇಡ್ಕರ್ ವೀಧಿಯಲ್ಲಿ. ಆ ಕಡೆ ಕೆಲಸ ಇದ್ದರೆ ಚರ್ಚ್ ಸ್ಟ್ರೀಟಿನ ಇಂಡಿಯಾ ಕಾಫಿ ಹೌಸಿಗೆ ಹೋಗಿ. ಮೊದಲು ಎಂ.ಜಿ. ರಸ್ತೆಯಲ್ಲಿತ್ತು, 2009ರಲ್ಲಿ ಇಲ್ಲಿಗೆ ಬಂತು. ಈ ಕಾಫಿ ಹೌಸುಗಳನ್ನು ಹಿಂದೆ ಮಂಡಳಿಯೇ ನಡೆಸುತ್ತಿತ್ತು. ಮುಚ್ಚುವ ಮಾತು ಬಂದಾಗ ಕೆಲಸಗಾರರೇ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಅವರ ಮುಂದಾಳುತನದಲ್ಲಿ ಸೇರಿಕೊಂಡು, 1957ರಲ್ಲಿ ಸಹಕಾರ ಸಂಘ ಕಟ್ಟಿ ವಹಿಸಿಕೊಂಡರು. ಬಿಳಿ ಸಮವಸ್ತ್ರ, ತಲೆಗೆ ಪೇಟ ಇಟ್ಟ ಮಾಣಿಗಳು ಮೊಟ್ಟೆ, ಟೋಸ್ಟ್ ತಂದಿಡುತ್ತಾರೆ. ಮೊಟ್ಟೆ ತಿನ್ನುವವರಿಗೆ ಬೆಳಗ್ಗೆ ಹೊತ್ತು ಒಳ್ಳೆಯ ಜಾಗ. ಗಾಳಿ ಬೆಳಕು ಬೇಕೆಂದರೆ ಲ್ಯಾವೆಲ್ ರಸ್ತೆಯ ಏರ್‌ಲೈನ್ಸ್ ಹೋಟೆಲು. ಮರದ ಕೆಳಗೆ ಕುರ್ಚಿ ಹಾಕಿರುತ್ತಾರೆ. ಹಿರಿಯರನ್ನು ಕೂರಿಸಿ, ಬ್ಯಾಗು ಪಕ್ಕಕ್ಕಿಟ್ಟು, ಆತುರವಿಲ್ಲದೆ ತಿನ್ನಬಹುದು.

ಗೊತ್ತೇ ಇಲ್ಲದ ಬಡಾವಣೆಯಲ್ಲಿ ಉಳಿದುಕೊಂಡಿದ್ದರೆ? ನಾನು ಬೆಳಗ್ಗೆ ಹತ್ತಿರದ ನಂದಿನಿ ಬೂತಿಗೆ ಹೋಗಿ ಕೇಳುತ್ತೇನೆ, "ಇಲ್ಲಿ ಹೋಟೆಲುಗಳಲ್ಲಿ ಯಾರು ಜಾಸ್ತಿ ಹಾಲು ತಗೊಳ್ತಾರೆ ಅಣ್ಣ?" ಹಾಲು ಜಾಸ್ತಿ ಹೋಗುವ ಕಡೆ ಕಾಫಿ ಜಾಸ್ತಿ ಖರ್ಚಾಗುತ್ತದೆ. ಕಾಫಿ ಖರ್ಚಾಗುವ ಕಡೆ ಇಡ್ಲಿ ತಟ್ಟೆ ನಿಲ್ಲದೆ ಬೇಯುತ್ತಿರುತ್ತದೆ. ಬೂತಿನವರು ಎಲ್ಲರಿಗಿಂತ ಬೇಗ ಎದ್ದವರು, ಯಾರು ಎಷ್ಟು ಗಂಟೆಗೆ ಶಟರ್ ಎತ್ತುತ್ತಾರೆ ಅಂತಲೂ ಅವರಿಗೆ ಗೊತ್ತು. ವಿಜಯನಗರದಲ್ಲಿ ನಾದಿನಿಯ ಮನೆ ಹತ್ತಿರ ಹೀಗೇ ಕೇಳಿಕೊಂಡು ಒಂದು ಸಣ್ಣ ಹೋಟೆಲು ಸಿಕ್ಕಿತು. ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ. ಅಲ್ಲಿನ ಖಾರಾಬಾತ್‌ಗೆ ಅವರೆಕಾಳು ಕಾಲದಲ್ಲಿ ಅವರೆಕಾಳು ಬೀಳುತ್ತದೆ. ಫೋನಿನಲ್ಲಿ ಹುಡುಕಿದ್ದರೆ ಅದು ಸಿಗುತ್ತಲೇ ಇರಲಿಲ್ಲ.

ಮಾಂಸ ತಿನ್ನುವವರಿಗೆ ಬೆಳಗ್ಗೆ ಏನೂ ಇಲ್ಲ ಅಂದುಕೊಳ್ಳಬೇಡಿ. ನಮ್ಮ ಕಡೆ ನೂಪುಟ್ಟಿಗೆ ಕೋಳಿ ಸಾರು ಹಾಕಿಕೊಂಡು ತಿಂದು ತೋಟಕ್ಕೆ ಹೋಗುವವರಿಗೆ ಬರೀ ಚಟ್ನಿ ಸಾಲುವುದಿಲ್ಲ. ನನ್ನ ಗಂಡನಿಗೂ ಹಾಗೆಯೇ. ಬೆಂಗಳೂರಿನ ಮಿಲಿಟರಿ ಹೋಟೆಲುಗಳಲ್ಲಿ ಬೆಳಗ್ಗೆ ಇಡ್ಲಿ ಜೊತೆ ಕಾಲು ಸೂಪ್, ದೋಸೆ ಜೊತೆ ಖೀಮಾ ಸಿಗುತ್ತದೆ. ಜಯನಗರ, ವಿ.ವಿ. ಪುರದ ಕಡೆ ಹಳಬರ ಮಿಲಿಟರಿ ಹೋಟೆಲುಗಳಿವೆ. ಮೆಣಸು ಹಾಕಿದ ಬಿಸಿ ಕಾಲು ಸೂಪಿಗೆ ಇಡ್ಲಿ ಮುರಿದು ಹಾಕಿ ತಿಂದ ದಿನ ಅವರು ಊರಿಗೆ ಬಂದು ವಾರವೆಲ್ಲ ಅದನ್ನೇ ಹೇಳಿದರು. ನಮ್ಮ ಕರಿಮೆಣಸಿನ ಖಾರ ಅವರಿಗೆ ಅಲ್ಲಿ ಸಿಕ್ಕಿತು ಅನಿಸುತ್ತದೆ.

ಕಾರಿನಲ್ಲಿ ಹಗಲು ಹೊತ್ತು ಹೋಗುವವರು ಬಿಡದಿಯ ತಟ್ಟೆ ಇಡ್ಲಿ ತಿನ್ನಬೇಕೆಂದಿದ್ದರೆ ಮೊದಲೇ ಹೆದ್ದಾರಿ ಬಿಟ್ಟು ಸರ್ವಿಸ್ ರಸ್ತೆಗೆ ಇಳಿಯಿರಿ. ಹೊಸ ರಸ್ತೆ ಊರನ್ನು ಬೈಪಾಸ್ ಮಾಡಿಕೊಂಡು ಹೋಗುತ್ತದೆ. ಮದ್ದೂರಿನ ವಡೆಗೂ ಅದೇ ಮಾತು.

ಕೊನೆಗೆ ಪಾರ್ಸೆಲ್ ವಿಷಯ. ಆಸ್ಪತ್ರೆಯಲ್ಲಿ ಯಾರಾದರೂ ಮಲಗಿದ್ದರೆ ನೀವು ತಿಂದು ಅವರಿಗೂ ಒಯ್ಯುತ್ತೀರಿ, ಅಲ್ವಾ? ಇಡ್ಲಿ ಮಾತ್ರ ಒಯ್ಯಿರಿ, ವಡೆ ದೋಸೆ ದಾರಿಯಲ್ಲೇ ಮೆತ್ತಗಾಗುತ್ತವೆ. ಮನೆಯಿಂದ ಒಂದು ಸ್ಟೀಲ್ ಡಬ್ಬಿ, ಒಂದು ಫ್ಲಾಸ್ಕ್ ಬ್ಯಾಗಿನಲ್ಲಿಟ್ಟುಕೊಳ್ಳಿ. ಬಿಸಿ ಇಡ್ಲಿಯನ್ನು ಪ್ಲಾಸ್ಟಿಕ್‌ನಲ್ಲಿ ಕಟ್ಟಿಸಬೇಡಿ. ಚಟ್ನಿ ಬೇರೆ ಹಾಕಿಸಿ, ಕಾಯಿ ಚಟ್ನಿ ಬೇಗ ಹಳಸುತ್ತದೆ, ಒಯ್ದ ಕೂಡಲೇ ತಿನ್ನಿಸಿಬಿಡಿ. ಹೊಟ್ಟೆಗೆ ಸೂಕ್ಷ್ಮ ಇರುವವರಿಗೆ ಚಟ್ನಿಯೇ ಬೇಡ, ಹೋಟೆಲಿನವರನ್ನು ಕೇಳಿ ಸ್ವಲ್ಪ ತುಪ್ಪ, ಸ್ವಲ್ಪ ಸಕ್ಕರೆ ಹಾಕಿಸಿಕೊಳ್ಳಿ. "ಪೇಶೆಂಟಿಗೆ" ಅಂದರೆ ಸಾಕು, ಆ ಹೊತ್ತಿನಲ್ಲಿ ಎಷ್ಟೇ ಜನ ಇದ್ದರೂ ಮೊದಲು ನಿಮ್ಮ ಡಬ್ಬಿ ತುಂಬಿಸಿ ಕಳಿಸುತ್ತಾರೆ. ನಮಗೆ ಹಾಗೆ ಎಷ್ಟೋ ಸಲ ಮಾಡಿಕೊಟ್ಟಿದ್ದಾರೆ.